ಇಬ್ಭಾಗಕ್ಕೆ ಅರ್ಥ ಹೇಳಲು ಹೋಗಿ

ನಮ್ಮ ಮನೆ ಒಡೆದದ್ದರಲ್ಲಿ ನನ್ನ ನಾಲಿಗೆಯ ಕೊಡುಗೆಯೂ ಇದೆ. ಕಂಡವರ ದನಿ ಅಣಕಿಸೋದು ನನ್ನ ಚಾಳಿ. ನಾನು ಕೆಲಸ ಮಾಡುವ ಬದನಗುಪ್ಪೆಯ ಫ್ಯಾಕ್ಟರಿಯಲ್ಲಿ ಸೂಪರ್‌ವೈಸರ್ ದನಿ ಅಣಕಿಸಿ ಬೈಸಿಕೊಂಡ ಮೇಲೂ ಬುದ್ಧಿ ಬಂದಿರಲಿಲ್ಲ. ಒಂದು ಸಂಜೆ ಗುಂಡ್ಲುಪೇಟೆಯ ನಮ್ಮ ಒಟ್ಟುಕುಟುಂಬದ ಮನೆಯಲ್ಲಿ ಊಟಕ್ಕೆ ಕೂತಾಗ, ಬಂಡೀಪುರದಲ್ಲಿ ಫಾರೆಸ್ಟ್ ವಾಚರ್ ಆಗಿರುವ ಚಿಕ್ಕಪ್ಪನ ದನಿಯಲ್ಲಿ, "ನನ್ ಸಂಬ್ಳ ಇಲ್ದಿದ್ರೆ ಈ ಮನೆ ಒಲೆ ಉರೀತಿತ್ತಾ?" ಎಂದೆ.

ಚಿಕ್ಕಪ್ಪ ಯಾವತ್ತೂ ಹಾಗೆ ಅಂದವನಲ್ಲ. ಆದರೆ ಈರುಳ್ಳಿ ಬೆಳೆಯುವ ಅಪ್ಪನಿಗೆ ಆ ಅನುಮಾನ ಮೊದಲೇ ಇತ್ತೇನೋ. "ಅವ್ನು ಅಂದಿದ್ನೇ ಇವ್ನು ಅಂತಾವ್ನೆ" ಎಂದು ತಟ್ಟೆ ಬಿಟ್ಟು ಎದ್ದ. ನಾನು ತಮಾಷೆಗೆ ಅಂದದ್ದು ಎಂದರೂ ನಂಬಲಿಲ್ಲ. ದರಿದ್ರದ ದನಿ ಅಷ್ಟು ಚೆನ್ನಾಗಿ ಬಂದಿತ್ತು.

ಅಣ್ಣತಮ್ಮಂದಿರಿಗೆ ಜಗಳವಾಗಿ, ನಡುಮನೆಗೆ ಎರಡನೇ ಒಲೆ ಬಂತು. ನಮ್ಮ ಕಡೆ ಒಲೆ ಬೇರೆಯಾದರೆ ಮನೆ ಬೇರೆಯಾದಂತೆಯೇ. ಅಜ್ಜಿಯನ್ನು ಇಬ್ಬರು ಮಕ್ಕಳೂ ಉಣ್ಣಲು ಕರೆದರು. ಒಬ್ಬನ ಬಳಿ ಉಂಡರೆ ಇನ್ನೊಬ್ಬನನ್ನು ಬಿಟ್ಟಂತೆ ಎಂದು ಅವಳು ಖಾಲಿ ತಟ್ಟೆ ಹಿಡಿದು ಜಗಲಿಯಲ್ಲೇ ಕೂತಳು.

ಸಮಾಧಾನ ಮಾಡಲು ಹೋದೆ, ಈ ಸಲ ನಾನು ಓದಿದ ಕಾಲೇಜಿನ ಕನ್ನಡ ಮೇಷ್ಟ್ರ ದನಿಯಲ್ಲಿ.

"ನೋಡಜ್ಜಿ, ಇಬ್ಭಾಗ ಅಂದ್ರೆ ಎರಡಾಗಿ ಒಡೆಯೋದು. ಆದ್ರೆ ಅದರ ಹುಟ್ಟು ನೋಡು. 'ಇರ್' ಅಂದ್ರೆ ಎರಡು, ಅದು ನಮ್ಮ ಕನ್ನಡದ್ದು. 'ಭಾಗ' ಸಂಸ್ಕೃತದ್ದು. ಎರಡು ಭಾಷೆ ಕೂಡಿಕೊಂಡೇ ಒಡೆಯೋ ಪದ ಆಗಿರೋದು."

ಅಜ್ಜಿ ಖಾಲಿ ತಟ್ಟೆಯನ್ನು ನನ್ನ ಮುಂದೆ ಹಿಡಿದಳು.

"ಪದ ಕೂಡ್ಕಂಡದೆ, ಸರಿ ಕಣ್ಲಾ. ನಾನೀಗ ಯಾವ್ ಒಲೆ ಮುದ್ದೆ ಉಣ್ಲಿ, ಅದ ಯೋಳು."