ಪುಡಿ ತಿಂದು ನೋಡುತ್ತಿದ್ದ ಆಪಾ

ಆಪಾ ಅವರ ಬಲಗೈ ತೋರುಬೆರಳಿನ ತುದಿ ಸದಾ ಬೆಳ್ಳಗಿರುತ್ತಿತ್ತು. ನಾಯಿ, ಬೆಕ್ಕುಗಳ ಹೊಟ್ಟೆ ಸರಿಮಾಡುವ ಹೊಸ ಪುಡಿ ಬಂದರೆ ಒಂದು ಪೊಟ್ಟಣ ಕತ್ತರಿಸಿ, ಬೆರಳು ಅದ್ದಿ, ನಾಲಗೆಗೆ ಇಟ್ಟುಕೊಂಡು, ಕಣ್ಣು ಮುಚ್ಚಿ ರುಚಿ ನೋಡುತ್ತಿದ್ದರು. ಸದಾ ಎಂದು ಬರೆದೆ. ನಾನು ನೋಡಿದ್ದು ಕೆಲವೇ ಸಲ ಇರಬಹುದು. ಉಳಿದದ್ದನ್ನು ಮನಸ್ಸೇ ತುಂಬಿಕೊಂಡಿರಬೇಕು.

ನನ್ನ ನೆನಪಿನ ಮೇಲೆ ನನಗೆ ಅಷ್ಟೇನೂ ಭರವಸೆ ಇಲ್ಲ. ಅವರು ನಮ್ಮ ವಠಾರಕ್ಕೆ ಬಂದ ದಿನ ಕೈಯಲ್ಲಿ ಕಪ್ಪು ಛತ್ರಿ ಇತ್ತೆಂದು ಎಷ್ಟೋ ಜನಕ್ಕೆ ಹೇಳಿದ್ದೇನೆ. ಹೆಂಡತಿ ನಗುತ್ತಾಳೆ. "ಎಳ್ಳ ಅಮಾಸಿ ಆದಮ್ಯಾಲೆ ಮಳಿ ಎಲ್ಲಿಂದ ಬರ್ತೈತ್ರಿ? ಆಪಾನ ಕೈಯಾಗ ಬಟ್ಟಿ ಚೀಲ ಇತ್ತು." ಅವಳ ಮಾತೇ ಸರಿ ಇರಬೇಕು. ಆದರೂ ಆಪಾ ನೆನಪಾದಾಗಲೆಲ್ಲ ಆ ಛತ್ರಿ ಬಂದೇ ಬರುತ್ತದೆ.

ಗಜೇಂದ್ರಗಡದ ಹಳೆಯ ಪೇಟೆಯಲ್ಲಿ ಅವರ ಅಂಗಡಿ. ಊರಿಗೆಲ್ಲ ಅವರು ಆಪಾ, ಅಂದರೆ ಅಕ್ಕ. ಮುಂದೆ ಶೇಂಗಾ ಹಿಂಡಿ, ಹತ್ತಿಕಾಳಿನ ಚೀಲಗಳು. ಒಳಗೆ ಎತ್ತು ಎಮ್ಮೆಗಳ ಔಷಧಿ. ಎಲ್ಲಕ್ಕಿಂತ ಮೇಲೆ, ಸ್ಟೂಲ್ ಹತ್ತಿ ತೆಗೆಯಬೇಕಾದ ಹಲಗೆಯ ಮೇಲೆ, ನಾಯಿ ಬೆಕ್ಕುಗಳ ಪುಡಿ. ಗಂಡ ತೀರಿಕೊಂಡ ಮೇಲೆ ಸೊಸೆಯನ್ನು ಜೊತೆಗಿಟ್ಟುಕೊಂಡು ಅಂಗಡಿಯನ್ನು ಅವರೇ ನೋಡಿಕೊಳ್ಳುತ್ತಿದ್ದರು. ಊರಿನ ಹಬ್ಬಗಳನ್ನು ಅವರು ಪ್ರಾಣಿಗಳ ಹೊಟ್ಟೆಯ ಲೆಕ್ಕದಲ್ಲಿ ನೆನಪಿಟ್ಟಿದ್ದರು. ಬಕ್ರೀದ್ ಮರುದಿನ ಬೆಕ್ಕುಗಳದ್ದು, ಎಳ್ಳ ಅಮಾವಾಸ್ಯೆಯ ಮರುದಿನ ನಾಯಿಗಳದ್ದು. ಬಕ್ರೀದ್ ದಿನ ತಮ್ಮ ಓಣಿಯಲ್ಲಿ ಗೋಡೆಯಾಚೆಯಿಂದಲೇ ಕೂಗುತ್ತಿದ್ದರಂತೆ: "ಬೆಕ್ಕಿಗೆ ಕೊಬ್ಬು ಹಾಕಬ್ಯಾಡ್ರಿ! ಹಾಕಿ, ನಾಳೆ ಆಪಾ ಆಪಾ ಅಂತ ಬರಬ್ಯಾಡ್ರಿ!" ಬೆಕ್ಕಿಗೆ ಹಾಲು ಹಾಕುವವರನ್ನು ಕಂಡರಂತೂ ಸಿಟ್ಟು. ಮೊದಲು ಹಾಲು ಬಿಡಿಸಿ, ಹೊಟ್ಟೆ ಸರಿಹೋಗದಿದ್ದರೆ ಮಾತ್ರ ಪುಡಿ ಕೊಡುತ್ತಿದ್ದರು.

ನಾನು ಧಾರವಾಡದಲ್ಲಿ ಜೀವರಸಾಯನಶಾಸ್ತ್ರ ಓದಿದವನು, ರೋಣದ ಕಾಲೇಜಿನಲ್ಲಿ ಪಾಠ ಮಾಡುವವನು. ಸಂಜೆ ಬಸ್ಸಿಳಿದು ಬರುವಾಗ ಅವರ ಅಂಗಡಿಯ ಮುಂದೆ ನಿಂತು ತಕರಾರು ತೆಗೆಯುವುದು ನನಗೆ ರೂಢಿಯಾಗಿತ್ತು.

"ಆಪಾ, ಈ ಪುಡಿಯೊಳಗ ಜೀವಾಣು ಇರ್ತಾವಂತ. ನಿಮ್ಮ ತಗಡಿನ ಕೆಳಗ, ಬ್ಯಾಸಿಗಿ ಬಿಸಲಾಗ, ಅವು ಬದುಕಿರ್ತಾವೇನ್ರಿ?"

"ನಾನ ಬದುಕೀನಿ. ಅವಕ್ಕೇನ ಧಾಡಿ?"

ಹಾಗೆಂದು ಅವರು ಹೇಳಿದ್ದೆಲ್ಲ ಸರಿ ಇರುತ್ತಿರಲಿಲ್ಲ. ಕರಿಯ ನಾಯಿಗೆ ಅರ್ಧ ಪುಡಿ ಸಾಕು, ಅದರ ಮೈಯಲ್ಲಿ ಮೊದಲೇ ಉಷ್ಣ ಇರುತ್ತದೆ ಎಂದು ಕೊನೆಯವರೆಗೂ ನಂಬಿದ್ದರು. ಬಣ್ಣಕ್ಕೂ ಹೊಟ್ಟೆಗೂ ಸಂಬಂಧವಿಲ್ಲ ಎಂದು ನಾನು ವಾದಿಸಿದರೆ, "ಸರ, ನಿಮಗ ಸಾಲ್ಯಾಗ ಯಾರೂ ಎದುರು ಮಾತಾಡೂದಿಲ್ಲ, ಅದಕ್ಕ ಇಲ್ಲಿ ಬರ್ತೀರಿ" ಎನ್ನುತ್ತಿದ್ದರು. ಆ ಮಾತು ಮಾತ್ರ ನಿಜ.

ನಮ್ಮ ಮನೆಯಲ್ಲಿ ಮೋತಿ ಎಂಬ ನಾಯಿ ಇತ್ತು. ಸೂಡಿಯ ಬಸ್ ನಿಲ್ದಾಣದಲ್ಲಿ ಮರಿಯಾಗಿದ್ದಾಗ ಹೆಂಡತಿಯ ಸೀರೆಯ ಅಂಚು ಹಿಡಿದು ಬಂದದ್ದು. ವಠಾರದ ಎಲ್ಲ ಮನೆಗಳಲ್ಲೂ ಹಂಚಿನಿಂದ ತೆಗೆದ ಮೊದಲ ರೊಟ್ಟಿ ಅದಕ್ಕೇ ಮೀಸಲು. ಆ ವರ್ಷ ಎಳ್ಳ ಅಮಾವಾಸ್ಯೆಗೆ ನೆರೆಮನೆಯವರ ಜೊತೆ ಪುರ್ತಗೇರಿಯ ಹೊಲಕ್ಕೆ ಚರಗ ಚೆಲ್ಲಲು, ಅಂದರೆ ಹಬ್ಬದಡುಗೆಯನ್ನು ಭೂಮಿತಾಯಿಗೆ ಎರಚಲು, ಹೋದ ಮೋತಿ, ಕಡಬು ಎಣ್ಣೆಗಾಯಿ ಎಲ್ಲ ತಿಂದು, ಹೊಟ್ಟೆ ಕೆಡಿಸಿಕೊಂಡು ಬಂತು. ದನದ ದವಾಖಾನೆಯ ಡಾಕ್ಟರು ಔಷಧಿ ಕೊಟ್ಟು, ಆಮೇಲೆ ಕೆಲವು ದಿನ ಹೊಟ್ಟೆಯ ಪುಡಿ ಹಾಕಿ ಎಂದರು. ಪುಡಿ ಹಾಕಿದೆವು. ಔಷಧಿ ಮುಗಿದರೂ ಭೇದಿ ನಿಲ್ಲಲಿಲ್ಲ. ಎಲ್ಲರೂ ಓಡಾಡುವ ಅಂಗಳ ದಿನಾ ಹೊಲಸಾಗುತ್ತಿತ್ತು.

ವಠಾರದ ಮಾಲಕರು ಸೀರೆ ವ್ಯಾಪಾರ ಮಗನಿಗೆ ಬಿಟ್ಟುಕೊಟ್ಟು ಮನೆಯಲ್ಲಿದ್ದ ಹಿರಿಯರು. ಆಡಿದ ಮಾತು ಬದಲಿಸಿದವರಲ್ಲ. ಒಂದು ಮುಂಜಾನೆ ಅಂಗಳದ ನಡುವೆ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದರು: "ಸಂಕ್ರಮಣದೊಳಗ ಅಂಗಳ ಸ್ವಚ್ಛ ಆಗಬೇಕು. ನಾಯಿಯರ ಹೋಗ್ಲಿ, ನೀವರ ಹೋಗ್ರಿ."

"ಮೋತಿ ಹೋದ್ರ ನಾನೂ ತವರಿಗೆ ಹೋಗ್ತೀನಿ" ಎಂದು ಹೆಂಡತಿ ಒಳಗಿನಿಂದಲೇ ಹೇಳಿದಳು. ಅದು ತಮಾಷೆಯಾಗಿರಲಿಲ್ಲ.

ಸಂಜೆ ಆಪಾನ ಅಂಗಡಿಗೆ ಹೋಗಿ ಪುಡಿಯ ಮೇಲೆ ಹರಿಹಾಯ್ದೆ. ಅವರು ಎಂದಿನಂತೆ ತಿರುಗಿ ಬೀಳಲಿಲ್ಲ.

"ಯಾರ್ ಹಾಕ್ತಾರ್ರಿ ಪುಡಿ?"

"ನನ್ನ ಹೆಂಡತಿ."

"ಅವರೊಬ್ಬರ ಏನ್ರಿ?" ಎಂದು ಕೇಳಿ ಹಿಂಡಿಯ ಚೀಲದ ಬಾಯಿ ಕಟ್ಟಿದರು. ಆಮೇಲೆ, "ನಾಳೆ ಬರ್ತೀನಿ, ಹೋಗ್ರಿ" ಎಂದರು.

ಮರುದಿನ ಮುಂಜಾನೆ, ಛತ್ರಿಯೋ ಚೀಲವೋ ಹಿಡಿದು, ಆಪಾ ನಮ್ಮ ಅಂಗಳಕ್ಕೆ ಬಂದು ನಿಂತರು. "ಯಾರ್ಯಾರ ಮನ್ಯಾಗ ನನ್ನ ಅಂಗಡಿ ಪುಡಿ ಐತಿ, ತಂದು ಕೊಡ್ರಿ. ಈ ಸಲದ ಮಾಲು ಕೆಟ್ಟೈತಿ."

ಮೊದಲು ನನ್ನ ಹೆಂಡತಿ ತಂದಳು. ಆಮೇಲೆ ಎದುರುಮನೆಯ ದರ್ಜಿಯ ಹೆಂಡತಿ, ಸೆರಗಿನ ಮರೆಯಲ್ಲಿ. ಆಮೇಲೆ ಮೂಲೆಮನೆಯ ಅಂಗನವಾಡಿ ಟೀಚರು.

"ಅಯ್ಯ, ನೀವೂ ಹಾಕ್ತಿದ್ರೇನ್ರಿ?" ಎಂದಳು ನನ್ನ ಹೆಂಡತಿ.

"ನೀವೊಬ್ರ ಜ್ವಾಪಾನ ಮಾಡ್ತೀರಿ ಅಂತ ನಾವು ಸುಮ್ಮನ ಕುಂದ್ರಬೇಕಾಗಿತ್ತೇನ? ಮದಲ ರೊಟ್ಟಿಗೆ ಮಜ್ಜಿಗಿ ಹಚ್ಚಿ ಪುಡಿ ಹಾಕತಿದ್ದೆ" ಎಂದಳು ದರ್ಜಿಯ ಹೆಂಡತಿ.

"ನಾನೂ ಹಂಗ!" ಎಂದರು ಟೀಚರು.

ಅಂಗಳವೆಲ್ಲ ನಕ್ಕಿತು. ಮಾಲಕರು ಮಾತ್ರ ತಮ್ಮ ಹೊಸ್ತಿಲಲ್ಲಿ ಕೈಕಟ್ಟಿ ನಿಂತಿದ್ದರು. "ನಾಯಿಗೆ ಕೆಟ್ಟ ಮಾಲು ಮಾರೂದಂದ್ರ ಹ್ಯಾಂಗ ಆಪಾ? ಅಂಗಡಿ ಹೆಸರರ ಏನ ಆಗಬೇಕು?" ಎಂದರು. ದನಿ ಏಕೋ ಎಂದಿನಷ್ಟು ಗಟ್ಟಿ ಇರಲಿಲ್ಲ. ಅಥವಾ ಹಾಗೆಂದು ನನಗೆ ಈಗ ಅನಿಸುತ್ತಿದೆ.

ಆಪಾ ತಲೆಯ ಮೇಲಿನ ಸೆರಗು ಸರಿಮಾಡಿಕೊಂಡರು. "ಹೌದ್ರಿ ಮಾಲಕರ. ತಪ್ಪು ನಂದ. ಎಲ್ಲ್ಯರ ಉಳಿದಿದ್ರ ತಿಪ್ಪಿಗೆ ಚೆಲ್ಲಿಬಿಡ್ರಿ. ಇನ್ನ ಮ್ಯಾಲೆ ಒಂದ ಮನಿಯವರು ಹಾಕಲಿ, ಮೆತ್ತಗ ಕುದಿಸಿದ ಅನ್ನ, ಒಂದೀಟ ಮಜ್ಜಿಗಿ. ಮದಲ ರೊಟ್ಟಿ ಆಕಳಿಗೆ ಕೊಡ್ರಿ."

ಸಂಕ್ರಮಣಕ್ಕೆ ಮುಂಚೆಯೇ ಮೋತಿಯ ಹೊಟ್ಟೆ ಸರಿಹೋಯಿತು. ಅಂಗಳ ಸ್ವಚ್ಛವಾಯಿತು. ನಾವೂ ಉಳಿದೆವು.

ಪುಡಿ ಕೆಟ್ಟಿರಲಿಲ್ಲ ಎಂಬುದು ಅಂದೇ ನನಗೆ ಹೊಳೆದಿತ್ತು. ಪೊಟ್ಟಣದ ಮೇಲಿನ ಗಡುವು ಇನ್ನೂ ದೂರವಿತ್ತು. ಅಂಥ ಪುಡಿಯಲ್ಲಿ ನಾರಿನ ಅಂಶ ಇರುತ್ತದೆ. ಮನೆಮನೆಯವರೂ ಹಾಕಿದರೆ ಗಟ್ಟಿ ಹೊಟ್ಟೆಯೂ ಸಡಿಲಾಗುತ್ತದೆ. ಅದನ್ನು ಮೊದಲು ಹೇಳಿದವನು ನಾನೇ ಎಂದು ವರ್ಷಗಟ್ಟಲೆ ಹೇಳಿಕೊಂಡು ಬಂದಿದ್ದೇನೆ. ಅಂಗನವಾಡಿ ಟೀಚರು ತಾನೇ ಹೇಳಿದ್ದು ಎನ್ನುತ್ತಾರೆ. ಇರಲಿ.

ನನಗೆ ಬಗೆಹರಿಯದೆ ಉಳಿದದ್ದು ಬೇರೆ. ತಾನು ತಿಂದು ನೋಡದೆ ಒಂದು ಪೊಟ್ಟಣವನ್ನೂ ಮಾರದ ಹೆಂಗಸು ತನ್ನ ಮಾಲು ಕೆಟ್ಟಿದೆ ಎಂದು ಊರ ಮುಂದೆ ಏಕೆ ಹೇಳಿದರು? ಮಾತು ಪೇಟೆಯಲ್ಲಿ ಹಬ್ಬಿತು. ಕೆಲವರು ಪುಡಿಗೆ ನರಗುಂದದವರೆಗೆ ಹೋಗತೊಡಗಿದರು. ಒಮ್ಮೆ ಕೇಳಿಯೇಬಿಟ್ಟೆ: "ಆಪಾ, ಖರೇ ಹೇಳ್ರಿ, ಆ ಪುಡಿ ಚಲೋ ಇತ್ತಲ್ಲಾ?"

"ನಾಯಿ ಆರಾಮ ಆತಲ್ರಿ ಸರ. ಇನ್ನ ಅದರ ಪೋಸ್ಟ್ ಮಾರ್ಟಂ ಯಾಕ?" ಎಂದು ಹಿಂಡಿ ತೂಗಲು ಎದ್ದರು. ನೆರೆಯವರ ಮನಸ್ಸು ನೋಯಬಾರದೆಂದು ಹೀಗೆ ಮಾಡಿರಬೇಕು ಅಂದುಕೊಂಡೆ.

ಹೋದ ಬೇಸಿಗೆಯಲ್ಲಿ ಆಪಾ ತೀರಿಕೊಂಡರು. ಮೂರನೆಯ ದಿನ ಅವರ ಮನೆಗೆ ಹೋದಾಗ ಮಾಲಕರೂ ಬಂದಿದ್ದರು. ತಿರುಗಿ ಬರುವಾಗ ದಾರಿಯಲ್ಲಿ ನಿಂತು, ನನ್ನ ಮುಖ ನೋಡದೆ ಹೇಳಿದರು: "ಸರ, ಆ ನಾಯಿಗೆ ನಾನೂ ಪುಡಿ ಹಾಕ್ತಿದ್ದೆ. ಹೊರಗ ಹಾಕ್ರಿ ಅಂತ ಬಾಯಿಲೆ ಅಂದುಬಿಟ್ಟಿದ್ದೆ, ಹೊಳ್ಳಿ ತಗೊಳ್ಳಾಕ ಆಗ್ಲಿಲ್ಲ. ಅದರ ಹೊಟ್ಟಿಯರ ಲಗೂ ಆರಾಮ ಆಗಲಿ ಅಂತ… ಆಪಾಗ ಗೊತ್ತಿತ್ತು. ಅಷ್ಟು ಮಂದ್ಯಾಗ ಆಕಿ ನನ್ನ ಹೆಸರು ತಗೀಲಿಲ್ಲ."

ಅವರ ಕೈ ಹಿಡಿದು ವಠಾರದವರೆಗೆ ನಡೆಸಿಕೊಂಡು ಬಂದೆ. ಆದರೆ ನನ್ನ ಅನುಮಾನದ ಬುದ್ಧಿ ಸುಮ್ಮನಿರಲಿಲ್ಲ. ಮಾಲಕರಿಗೆ ಈಗ ವಯಸ್ಸಾಗಿದೆ, ನನ್ನನ್ನೇ ಒಮ್ಮೊಮ್ಮೆ ಬೇರೆ ಯಾರದೋ ಹೆಸರಿನಿಂದ ಕರೆಯುತ್ತಾರೆ. ಸತ್ತವರ ವಿಷಯದಲ್ಲಿ ಇಲ್ಲದ್ದನ್ನು ನೆನಪು ಮಾಡಿಕೊಳ್ಳುವವರು ಬೇಕಷ್ಟಿದ್ದಾರೆ, ನಾನೂ ಅವರಲ್ಲೊಬ್ಬ. ಆಪಾನ ಸೊಸೆ ಅಂಗಡಿ ಮತ್ತೆ ತೆರೆದ ಮೇಲೆ ಹೋಗಿ, ಮಾಲಕರು ಆಗ ಪುಡಿ ಒಯ್ಯುತ್ತಿದ್ದರೇ ಎಂದು ಕೇಳಿದೆ.

"ಹೌದ್ರಿ ಸರ, ಒಯ್ತಿದ್ರು" ಎಂದಳು. "ಹಿತ್ತಲ ಬಾಗಲಕ್ಕ ಬರ್ತಿದ್ರು. ಮಾಲಕರು ಬಂದ್ರ ಮುಂದ ಕರೀಬ್ಯಾಡ, ಕಾಗದದಾಗ ಸುತ್ತಿ ಅಲ್ಲೇ ಕೊಡು ಅಂತ ಅತ್ತಿ ಹೇಳಿದ್ರು. ನಾನ ಕೊಟ್ಟೀನ್ರಿ, ಈ ಕೈಲೆ."