ಬೇಕರಿ ತಿರುವಿನಲ್ಲಿ ಕೆಂಪು ಟವೆಲ್

ಪೀಣ್ಯದ ಒಂದು ಕಾರ್ಖಾನೆಯಲ್ಲಿ ನನ್ನದು ತಪ್ಪು ಹುಡುಕುವ ಕೆಲಸ. ತಯಾರಾದ ಬಿಡಿಭಾಗಗಳನ್ನು ಅಳೆದು ನೋಡಿ, ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದರೂ ಕೆಂಪು ಬಣ್ಣ ಬಳಿದು ಪಕ್ಕಕ್ಕಿಡುತ್ತೇನೆ. ಇಪ್ಪತ್ತೆರಡು ವರ್ಷದಲ್ಲಿ ಕಾರ್ಖಾನೆಯೊಳಗೆ ಒಂದೇ ಒಂದು ಸುಳ್ಳು ಪಾಸ್ ಕೊಟ್ಟವನಲ್ಲ. ನನ್ನನ್ನು ಕಂಡರೆ ಪ್ರೊಡಕ್ಷನ್ನಿನವರು ಟೀ ಲೋಟ ಎತ್ತಿಕೊಂಡು ಬೇರೆ ಕಡೆ ಹೋಗುತ್ತಾರೆ. ಅದನ್ನು ನಾನು ಗೌರವ ಎಂದೇ ತಿಳಿದುಕೊಂಡಿದ್ದೇನೆ.

ಮನೆಗೆ ಬಂದರೂ ಚಟ ಬಿಡುವುದಿಲ್ಲ. ಬಾಗಲಗುಂಟೆಯ ನಮ್ಮ ಬಾಡಿಗೆ ಮನೆಯ ಹಾಲಿನಲ್ಲಿ ಹಳೆಯ ರೆಕಾರ್ಡ್ ಪ್ಲೇಯರ್ ಎರಡು, ಆಂಪ್ಲಿಫೈಯರ್ ಮೂರು, ಬೀರುವಿನಷ್ಟು ಎತ್ತರದ ಸ್ಪೀಕರ್ ಒಂದು ಜೋಡಿ ಇವೆ. ಉಳಿದ ಜಾಗದಲ್ಲಿ ನಾನು, ನನ್ನ ಹೆಂಡತಿ ಇದ್ದೇವೆ. ಈ ಮಿಷನ್ನುಗಳೆಲ್ಲ ಗುಜರಿಯಿಂದ ಬಂದು ನನ್ನ ಕೈಯಲ್ಲಿ ಜೀವ ಪಡೆದವು. ಪ್ಲೇಯರ್ ಮೇಲೆ ಗಾರೆ ಕೆಲಸದವರ ರಸಮಟ್ಟ ಇಟ್ಟು, ವಾಲಿದ ಮೂಲೆಯ ಕೆಳಗೆ ಮಡಚಿದ ಬಸ್ ಟಿಕೆಟ್ ತುರುಕಿ, ಜಾಸ್ತಿಯಾಯಿತೆಂದು ಮತ್ತೆ ತೆಗೆದು, ಹೀಗೇ ಭಾನುವಾರ ಕಳೆಯುತ್ತದೆ. "ಹಾಡು ಯಾವಾಗ ಹಾಕ್ತೀರಾ?" ಎನ್ನುತ್ತಾಳೆ ಹೆಂಡತಿ. ಹಾಕಿದರೂ ನಾನು ಕೇಳುವುದು ಹಾಡನ್ನಲ್ಲ, ಅದರ ಹಿಂದೆ ಎಲ್ಲಾದರೂ ಗುಂಯ್ ಎನ್ನುತ್ತಿದೆಯೇ ಎಂಬುದನ್ನು.

ಕೆಳಗಿನ ಮನೆಯಲ್ಲಿ ಓನರ್ ಯಜಮಾನರಿದ್ದಾರೆ. ಈ ಕಟ್ಟಡ ನಿಂತಿರುವುದು ಅವರ ರಾಗಿ ಹೊಲದ ಮೇಲೆ. ವಯಸ್ಸಿನಲ್ಲಿದ್ದಾಗ ಸುತ್ತಲಿನ ಹಳ್ಳಿಗಳ ಮದುವೆಗಳಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದವರು. ಒಮ್ಮೆ ನೀರಿನ ಪೈಪ್ ನೋಡಲು ಹಿತ್ತಲಿನ ಕೊಟ್ಟಿಗೆಗೆ ಹೋದಾಗ, ಅಟ್ಟದ ಮೇಲೆ ಬೂಸಾ ಚೀಲದ ಹಿಂದೆ ಆ ಕಾಲದ ವಾಲ್ವ್ ಆಂಪ್ಲಿಫೈಯರ್ ಕಂಡಿತು. ಕಾಫಿ ಲೋಟದಷ್ಟು ದಪ್ಪದ ಗಾಜಿನ ವಾಲ್ವುಗಳು! ಅವತ್ತಿನಿಂದ ನನಗೆ ಊಟ ರುಚಿಸಲಿಲ್ಲ. ಅದು ನನಗೆ ಬೇಕೇ ಬೇಕಿತ್ತು.

ಕೇಳಿಯೇಬಿಟ್ಟೆ. "ಮೊದ್ಲು ನಿನ್ ಸೆಟ್ ಎಂಗದೆ ನೋಡಾನ," ಎಂದು ಯಜಮಾನರು ಒಂದು ಭಾನುವಾರ ಮುದ್ದೆ ಉಂಡು ಮೇಲೆ ಬಂದರು. ನಾನು ನನ್ನ ಅತ್ಯಂತ ಶುದ್ಧವಾದ ವೀಣೆಯ ರೆಕಾರ್ಡನ್ನು ಒರೆಸಿ, ಉಸಿರು ಬಿಗಿಹಿಡಿದು ಮುಳ್ಳು ಇಳಿಸಿದೆ. ಅವರು ಸ್ಪೀಕರ್ ಕಡೆ ನೋಡದೆ ನನ್ನ ಮುಖವನ್ನೇ ನೋಡುತ್ತಾ ಕೂತರು.

"ಇನ್ನೂ ಆನ್ ಮಾಡ್ಲಿಲ್ವಾ?"

"ಆಗಿದೆ ಯಜಮಾನ್ರೇ. ಒಂದು ಮೀಟು ಮುಗಿದು ಇನ್ನೊಂದು ಶುರುವಾಗೋ ನಡುವೆ ನೋಡಿ, ಎಂಥ ನಿಶ್ಶಬ್ದ!"

"ನಿಶ್ಶಬ್ದ ಕೇಳಾಕೆ ಮಿಷನ್ ಯಾಕಪ್ಪ? ಆಫ್ ಮಾಡು, ಇನ್ನೂ ಸೆಂದಾಗ್ ಕೇಳ್ತದೆ," ಎಂದು ಎದ್ದು ಹೋದರು.

ನಾನು ಉರಿದುಬಿದ್ದೆ. ಮೈಕ್ ಸೆಟ್ಟಿನ ತಗಡಿನ ಹಾರ್ನಿಗೆ ಒಗ್ಗಿದವರಿಗೆ ಸಂಗೀತ ಎಲ್ಲಿ ಗೊತ್ತಾಗಬೇಕು ಎಂದು ಕೂಗಾಡಿದೆ. ಹೆಂಡತಿ ಹುರುಳಿಕಾಯಿ ಸೋಸುತ್ತಾ ಹೇಳಿದಳು: "ಅವ್ರಿಗೆ ಕಿವಿ ಕೇಳಲ್ಲ ಕಣ್ರೀ. ವರ್ಷಗಟ್ಲೆ ಹಾರ್ನ್ ಪಕ್ಕ ಕೂತು ಹೋಗ್ಬಿಟ್ಟಿದೆ. ಮಾತಾಡೋವಾಗ ನಮ್ ಬಾಯನ್ನೇ ನೋಡ್ತಾರೆ. ಬಂದು ಆರು ವರ್ಷ ಆಯ್ತು, ನೀವು ಗಮನಿಸಿಲ್ವಾ?"

ಗಮನಿಸಿರಲಿಲ್ಲ. ಪಕ್ಕದ ಮನೆಯ ಫ್ರಿಜ್ಜಿನ ಗುಂಯ್ ಕೂಡ ಹಿಡಿಯುವ ನನ್ನ ಕಿವಿಗೆ ಇದು ಬಿದ್ದಿರಲಿಲ್ಲ. ನಾಚಿಕೆಯಾಯಿತು. ಆದರೆ ಆಂಪ್ಲಿಫೈಯರ್ ಮೇಲಿನ ಆಸೆ ಮಾತ್ರ ಒಂದಿಷ್ಟೂ ಕಮ್ಮಿಯಾಗಲಿಲ್ಲ, ಅದನ್ನೂ ಒಪ್ಪಿಕೊಳ್ಳುತ್ತೇನೆ.

ಮರುದಿನ ಅವರೆದುರು ನಿಂತು, ಬಾಯಿ ಅಗಲಿಸಿ, ಮತ್ತೆ ಕೇಳಿದೆ. ಯಜಮಾನರು ಒಂದು ಷರತ್ತು ಹಾಕಿದರು. "ರಿಪೇರಿ ಮಾಡು. ಬೇಕರಿ ತಿರುವಿನ್ ಗಂಟ ಕೇಳಿಸ್ತು ಅಂದ್ರೆ ಅದ್ಕಿನ್ನೂ ಜೀವ ಅದೆ, ನಮ್ಮನೇಲೇ ಇರ್ಲಿ. ಕೇಳಿಸ್ಲಿಲ್ಲ ಅಂದ್ರೆ ಸತ್ತಂಗೇ. ನೀನೇ ಮಡಿಕ್ಕೊ."

ಬೇಕೆಂದೇ ಅರೆಬರೆ ರಿಪೇರಿ ಮಾಡಬಹುದಿತ್ತು. ಕೈ ಒಪ್ಪಲಿಲ್ಲ. ಎರಡು ಭಾನುವಾರ ಕೂತು, ಬೂಸಾ ಗುಡಿಸಿ, ಸತ್ತ ವಾಲ್ವ್ ಬದಲಿಸಿ, ಅಚ್ಚುಕಟ್ಟಾಗಿ ಸರಿಮಾಡಿದೆ. ಮೂರನೆಯ ಭಾನುವಾರ ಬೆಳಿಗ್ಗೆ ತಾರಸಿಯ ನೀರಿನ ಟ್ಯಾಂಕಿಗೆ ಹಾರ್ನ್ ಕಟ್ಟಿದೆವು. ನನ್ನ ಪ್ಲೇಯರಿನಲ್ಲಿ ಮದುವೆ ವಾಲಗದ ರೆಕಾರ್ಡ್ ಹಾಕಿದೆವು. ಮೈಕ್ ಸೆಟ್ಟಿನವರದು ಒಂದು ಪದ್ಧತಿಯಂತೆ. ಹಾರ್ನ್ ಕಟ್ಟಿದ ಮೇಲೆ ಒಬ್ಬ ಹೊಲದ ಮೇಲೆ ದೂರ ನಡೆದುಹೋಗಬೇಕು. ಕೇಳಿಸುತ್ತಿದೆ ಎನ್ನುವುದಕ್ಕೆ ಅಲ್ಲಿಂದಲೇ ಟವೆಲ್ ಬೀಸಬೇಕು. ಯಜಮಾನರು ತಮ್ಮ ಹೆಗಲಿನ ಕೆಂಪು ಟವೆಲನ್ನು ನನ್ನ ಹೆಗಲಿಗೆ ಹಾಕಿ ಕಳಿಸಿದರು.

ಹಿಟ್ಟಿನ ಗಿರಣಿಯ ತನಕ ವಾಲಗ ಖಣಖಣ ಎನ್ನುತ್ತಿತ್ತು. ವೆಲ್ಡಿಂಗ್ ಶಾಪ್ ಹತ್ತಿರ ಸಣ್ಣಗಾಯಿತು. ಬೇಕರಿ ತಿರುವಿಗೆ ಬಂದರೆ ಬಸ್ಸು, ಲಾರಿ, ಕಾಂಕ್ರೀಟ್ ಕಲಸುವ ಮಿಷನ್ನು. ಕಿವಿಗೆ ಕೈ ಅಡ್ಡ ಹಿಡಿದೆ. ಏನೂ ಇಲ್ಲ. ಕಣ್ಣು ಮುಚ್ಚಿ ನೋಡಿದೆ. ಇಲ್ಲವೇ ಇಲ್ಲ. ಮಾತಿನ ಪ್ರಕಾರ ಆಂಪ್ಲಿಫೈಯರ್ ನನ್ನದಾಗಿತ್ತು. ನಾನು ಮಾಡಬೇಕಾದದ್ದು ಕೈ ಎತ್ತದೆ ನಿಲ್ಲುವುದು ಮಾತ್ರ. ಹಾಲಿನಲ್ಲಿ ಯಾವ ಮೂಲೆಗೆ ಇಡುವುದು ಎಂದು ಲೆಕ್ಕ ಹಾಕುತ್ತಲೇ ತಿರುಗಿ ನೋಡಿದೆ.

ರಸ್ತೆಯ ಆ ತುದಿಯಲ್ಲಿ, ತಾರಸಿಯ ಮೇಲೆ, ಯಜಮಾನರು ಒಂದು ಕೈ ಹಾರ್ನ್ ಮೇಲಿಟ್ಟು, ಇನ್ನೊಂದು ಕೈ ಹಣೆಗೆ ಅಡ್ಡ ಹಿಡಿದು ನನ್ನನ್ನೇ ನೋಡುತ್ತಿದ್ದರು.

ನಾನು ಟವೆಲ್ ಬೀಸಿದೆ. ಪಕ್ಕದಲ್ಲಿ ಆಟೋ ಒಂದು ನಿಂತು "ಎಲ್ಲಿಗೆ ಸಾರ್?" ಎಂದಿತು. ಡ್ರೈವರಿಗೆ ಬೇಡವೆಂದು ತಲೆಯಲ್ಲಾಡಿಸಿ, ಸಂಶಯವಿರಬಾರದೆಂದು ಇನ್ನೊಮ್ಮೆ ಬೀಸಿದೆ. ಯಜಮಾನರು ಎರಡೂ ಕೈ ಮೇಲೆತ್ತಿದರು.

ವಾಪಸ್ ಬಂದಾಗ ಮೆಟ್ಟಿಲ ಬಳಿಯೇ ಕಾಯುತ್ತಿದ್ದರು. "ಗುಂಯ್ ಅಂತಿರ್ಲಿಲ್ಲ ತಾನೆ?"

"ಒಂಚೂರೂ ಇಲ್ಲ ಯಜಮಾನ್ರೇ."

ಆಂಪ್ಲಿಫೈಯರ್ ಈಗ ಅವರ ಮನೆಯಲ್ಲಿ, ಟಿವಿ ಪಕ್ಕ, ಕಸೂತಿ ಬಟ್ಟೆ ಹೊದ್ದು ಕೂತಿದೆ. ಹೊಟ್ಟೆ ಉರಿಯುತ್ತದೆ, ಸುಳ್ಳೇಕೆ ಹೇಳಲಿ. ಅವರಿಗೆ ಹುರುಪು ಬಂದುಬಿಟ್ಟಿದೆ. ಪ್ರತಿ ಭಾನುವಾರ ಹಾರ್ನ್ ಕಟ್ಟಿ, ಟವೆಲ್ ಕೊಟ್ಟು ನನ್ನನ್ನು ಕಳಿಸುತ್ತಾರೆ. ನಾನು ಬರುವುದು ಕಂಡರೆ ಬೇಕರಿಯವರು ಕೇಳದೆಯೇ ಟೀ ಹಾಕುತ್ತಾರೆ. ಕುಡಿದು, ತಿರುವಿನಲ್ಲಿ ನಿಂತು, ಕಿವಿ ಕೊಡುತ್ತೇನೆ. ಏನೂ ಕೇಳಿಸುವುದಿಲ್ಲ. ಟವೆಲ್ ಬೀಸುತ್ತೇನೆ.