ಗಿಳಿಗೆ ಮಾಡಿದ ಪಂಜರ
೧೯೯೨ರಲ್ಲಿ ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಭದ್ರಾವತಿಯಲ್ಲಿ ವೆಲ್ಡಿಂಗ್ ಕಲಿತೆ. ಮುಂದೆ ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ಸ್ವಂತ ಅಂಗಡಿ ಹಾಕಿದೆ. ಒಂಟಿಯಾಗಿದ್ದ ನನ್ನನ್ನು "ಊಟ ಆಯ್ತಾ?" ಎಂದು ಕೇಳುತ್ತಿದ್ದದ್ದು ನಾನು ಸಾಕಿದ್ದ ಗಿಳಿಯೊಂದೇ. ಅದಕ್ಕೆ ನಾನೇ ಮಾಡಿದ ಪಂಜರ ಬಹಳ ಚೆಂದವಿತ್ತು. ಗಿರಾಕಿಗಳು ನನ್ನ ಕೈಕೆಲಸ ನೋಡಲೆಂದು ಗಿಳಿಯ ಸಮೇತ ಅಂಗಡಿ ಮುಂದೆ ನೇತುಹಾಕಿದೆ.

ಗೇಟು ಮಾಡಿಸಲು ಬಂದ ಫಾರೆಸ್ಟ್ ಗಾರ್ಡ್ ಅದನ್ನು ನೋಡಿ ನಿಂತರು.

"ಕೆಲಸ ಫಸ್ಟ್ ಕ್ಲಾಸ್ ಮಾರಾಯ. ಆದ್ರೆ ಗಿಳಿ ಸಾಕಂಗಿಲ್ಲ, ಕಾನೂನಿದೆ."

"ಮಗು ಥರ ನೋಡ್ಕೊಂಡಿದೀನಿ ಸಾರ್."

"ಹೆಂಗ್ ನೋಡ್ಕೊಂಡ್ರೂ ಅಪರಾಧನೇ. ಕೊಟ್ಬಿಡು, ಕೇಸ್ ಹಾಕಲ್ಲ."

ರಟ್ಟಿನ ಡಬ್ಬಿಯಲ್ಲಿ ಒಯ್ಯುವಾಗಲೂ ಅದು ಒಳಗಿನಿಂದ ಊಟ ಆಯ್ತಾ ಎಂದು ಕೇಳಿತು. ಆಯ್ತು ಎಂದೆ.

ಈಗ ನನ್ನ ಬಳಿ ಒಂದು ಅಂಗಡಿ, ಎರಡು ವೆಲ್ಡಿಂಗ್ ಮಷೀನು, ವಿನೋಬನಗರದಲ್ಲಿ ಒಂದು ಮನೆ, ಒಂದು ಖಾಲಿ ಪಂಜರ ಇವೆ.